ಇಂಜಿನಿಯರ್ ಅಂತೆ, ಇಂಜಿನ್ ಮುಟ್ಟಬಾರದಂತೆ!

"ಇಷ್ಟೆಲ್ಲಾ ಓದಿ ಕೈಗೆ ಗ್ರೀಸ್ ಬಳ್ಕೊಳ್ತೀಯಾ?"

ಹಳೇ ಪದ್ಮಿನಿ ಕಾರಿನ ಪಿಸ್ಟನ್ ರಿಂಗನ್ನು ಮನೆಯಲ್ಲೇ ಬದಲಾಯಿಸ್ತೀನಿ ಅಂದಾಗಲೆಲ್ಲ ನನಗೆ ಸಿಗೋ ಉತ್ತರ ಇದು. ಹೀಗನ್ನೋರು ಯಾರು ಗೊತ್ತಾ? ಹೆಚ್ಚಿನವರು ನನ್ನ ಹಾಗೇ ಇಂಜಿನಿಯರುಗಳು! ಮೊದಲ ವರ್ಷ ಫೋರ್ ಸ್ಟ್ರೋಕ್ ಇಂಜಿನ್ನಿನ ಚಿತ್ರ ಬರೆದು ಮಾರ್ಕ್ಸ್ ತಗೊಂಡವರು. ಅದೇ ಇಂಜಿನ್ ಬಿಚ್ಚಿದರೆ ಮಾತ್ರ ಮಾನ ಹೋಗುತ್ತಂತೆ.

ಇನ್ನು ಕೆಲವರದ್ದು ಬೇರೆ ವರಸೆ. "ಹೊಗೆ ಬರ್ತಿದೆಯಾ? ಗುಜರಿಗೆ ಹಾಕು, ಇಲ್ಲಾ ಬೇರೆ ಇಂಜಿನ್ ಕೂರಿಸು." ಸ್ವಾಮಿ, ರಿಂಗು, ಬೇರಿಂಗು, ಗ್ಯಾಸ್ಕೆಟ್ಟು ಇರೋದೇ ಸವೆದಾಗ ಬದಲಾಯಿಸಲಿ ಅಂತ. ಚಪ್ಪಲಿಯ ಉಂಗುಷ್ಟ ಕಿತ್ತರೆ ಕಾಲು ಕತ್ತರಿಸ್ತೀವಾ? ಮೇಲಾಗಿ, 2021ರ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ ಕಾರಿಗೆ ವಿಂಟೇಜ್ ನೋಂದಣಿ ಬೇಕಂದರೆ ಅದರ ಮೂಲರೂಪ ಉಳಿದಿರಬೇಕು. ಇಂಜಿನ್ ಮಾರ್ಪಾಡು ಮಾಡಿದರೆ ಅದಕ್ಕೂ ಕಲ್ಲು!

1089 ಸಿಸಿಯ ಆ ಇಂಜಿನ್ನಿನಲ್ಲಿ ಕಂಪ್ಯೂಟರ್ ಇಲ್ಲ, ಸೆನ್ಸರುಗಳ ರಗಳೆ ಇಲ್ಲ. ಸ್ಪಾರ್ಕ್ ಪ್ಲಗ್ ತೆಗೆದು, ಕಂಪ್ರೆಷನ್ ಗೇಜಿನಿಂದ ನಾಲ್ಕೂ ಸಿಲಿಂಡರ್ ಅಳೆಯಿರಿ. ಕಡಿಮೆ ತೋರಿಸಿದ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಮುಳ್ಳು ಚೆನ್ನಾಗಿ ಏರಿತೋ, ಸವೆದಿರೋದು ರಿಂಗ್ ಅಥವಾ ಬೋರ್. ಏರಲಿಲ್ಲವೋ, ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ನಾವು ಆಫೀಸಲ್ಲಿ ಬಗ್ ಹುಡುಕೋದೂ ಹೀಗೇ ಅಲ್ವಾ?

ಹಾಗಂತ "ಎಲ್ಲಾ ನಾನೇ ಮಾಡ್ತೀನಿ" ಅನ್ನೋ ವೀರರ ಪರವೂ ನಾನಿಲ್ಲ. ಬೋರ್ ಹೆಚ್ಚು ಸವೆಯೋದು ಮೇಲ್ಭಾಗದಲ್ಲಿ. ಅಲ್ಲಿ ಒತ್ತಡ ಜಾಸ್ತಿ, ಎಣ್ಣೆ ಕಮ್ಮಿ. ಅದಕ್ಕೂ ಮೇಲೆ, ರಿಂಗ್ ತಲುಪದ ಜಾಗದಲ್ಲಿ, ಸವೆಯದ ಅಂಚೊಂದು ಮೆಟ್ಟಿಲಿನ ಹಾಗೆ ಉಳಿದಿರುತ್ತೆ. ಅದನ್ನು ತೆಗೆಯದೆ ಹೊಸ ರಿಂಗ್ ಹಾಕಿದರೆ ಬಡಿದು ಮುರಿಯಬಹುದು. ಬೋರ್ ಮಿತಿ ಮೀರಿ ಸವೆದು ದುಂಡಗಿನ ಆಕಾರವನ್ನೇ ಕಳಕೊಂಡಿದ್ದರಂತೂ ಬರೀ ರಿಂಗ್ ಬದಲಾಯಿಸಿ ಪ್ರಯೋಜನವಿಲ್ಲ. ಬ್ಲಾಕನ್ನು ಲೇತ್ ಶಾಪಿಗೆ ಹೊತ್ತು, ಬೋರ್ ಮಾಡಿಸಿ, ಓವರ್‌ಸೈಜ್ ಪಿಸ್ಟನ್ ಹಾಕಲೇಬೇಕು.

ನನಗೆ ಉರಿಯೋದು ಇಲ್ಲೇ. ಕೂದಲೆಳೆಗಿಂತ ಸಣ್ಣ ಅಳತೆಯಲ್ಲಿ ಬೋರ್ ಕೊರೆಯೋ ಆ ಹಿರಿಯರನ್ನು "ಏನಪ್ಪಾ, ಆಯ್ತಾ?" ಅಂತ ಏಕವಚನದಲ್ಲಿ ಮಾತಾಡಿಸ್ತೀವಿ. ಎಕ್ಸೆಲ್ ಶೀಟ್ ತುಂಬೋ ನಮಗೆ ಮಾತ್ರ "ಸಾರ್" ಅನ್ನಬೇಕು! ಪದ್ಮಿನಿ ತಯಾರಿ ನಿಂತು ಇಪ್ಪತ್ತು ವರ್ಷದ ಮೇಲಾಯ್ತು. ಈಗ ಆ ಇಂಜಿನ್ನಿನ ಮರ್ಮ ಉಳಿದಿರೋದು ಅಂಥವರ ಕೈಯಲ್ಲಿ. ಅವರಿಗೂ ವಯಸ್ಸಾಗ್ತಿದೆ. ಅವರ ಮಕ್ಕಳಿಗೆ ನಾವೇ "ಈ ಕೆಲಸ ಬೇಡ, ಚೆನ್ನಾಗಿ ಓದು" ಅಂತ ಬುದ್ಧಿ ಹೇಳ್ತೀವಿ. ಓದಿದ ನಾವು ಸ್ಪ್ಯಾನರ್ ಮುಟ್ಟಲ್ಲ, ಅವರ ಮಕ್ಕಳೂ ಮುಟ್ಟಬಾರದು. ಹಾಗಾದ್ರೆ ಈ ವಿದ್ಯೆ ಕಲಿಯೋರು ಯಾರು?

ಬ್ಲಾಗಿಗ ಮಿತ್ರರೇ, ಬೈಯೋದಿದ್ದರೆ ಧಾರಾಳವಾಗಿ ಬೈಯಿರಿ. ಅದಕ್ಕೂ ಮುಂಚೆ ಒಮ್ಮೆ ಬಾನೆಟ್ ಎತ್ತಿ, ಒಂದೇ ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡ್ಕೊಂಡು ಬನ್ನಿ :)