ಶಿಸ್ತಿನ ಶಿವಪ್ಪನಾಯಕನೂ ಅಟ್ಟದ ಕಡತವೂ

ಕೆಳದಿಯ ಸೀಮೆಯಲ್ಲಿ ‘ಶಿಸ್ತಿನ ಶಿವಪ್ಪನಾಯಕ’ನೆಂಬ ಹೆಸರನ್ನು ಕೇಳದ ವಿದ್ಯಾವಂತ ಕುಟುಂಬವಿಲ್ಲ. ಆದರೆ ಆ ಶಿಸ್ತೆಂದರೇನೆಂದು ಕೇಳಿದರೆ, ಅರಸನು ಬಹು ಕಟ್ಟುನಿಟ್ಟಿನವನಾಗಿದ್ದನೆಂದೇ ಅನೇಕರು ಉತ್ತರ ಕೊಡುವರು. ಶಿಸ್ತೆಂಬುದು ಅವನು ಗದ್ದೆ ತೋಟಗಳ ಮೇಲೆ ನಿಗದಿಮಾಡಿದ ಕಂದಾಯದ ಹೆಸರು. ಅರಸನ ಬಿರುದಿನ ಅರ್ಥವನ್ನೇ ಮರೆತ ಜನವು ಅವನ ಚರಿತ್ರೆಯನ್ನು ಬಲ್ಲೆವೆಂದು ಹೆಮ್ಮೆಪಡುವುದು ಸೋಜಿಗವಲ್ಲವೆ?

ಈ ಮರೆವು ಆಕಸ್ಮಿಕವಾದುದಲ್ಲ. ಕೆಳದಿಯ ಇತಿಹಾಸವೆಂದರೆ 1499ರ ಸುಮಾರಿಗೆ ಚೌಡಪ್ಪನಿಂದ ಮೊದಲಾಗಿ, 1689ರಲ್ಲಿ ಚೆನ್ನಮ್ಮಾಜಿಯು ರಾಜಾರಾಮನಿಗೆ ಆಶ್ರಯವಿತ್ತ ಪ್ರಸಂಗದಲ್ಲಿ ಶಿಖರವನ್ನೇರಿ, 1763ರಲ್ಲಿ ಹೈದರನು ಬಿದನೂರನ್ನು ಹಿಡಿಯುವಲ್ಲಿಗೆ ಮುಗಿಯುವ ಒಂದು ಕಥೆಯೆಂದು ಸಭೆಗಳಲ್ಲಿಯೂ ಶಾಲೆಗಳಲ್ಲಿಯೂ ರೂಢಿಯಾಗಿಬಿಟ್ಟಿದೆ. ಆ ಕಥೆಯು ಸುಳ್ಳಲ್ಲ. ಅದರ ವೀರರು ಪೂಜ್ಯರೇ ಸರಿ. ಆದರೆ ಅದರಲ್ಲಿ ಸೀಮೆಗೇ ಸ್ಥಳವಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಮಣ್ಣನ್ನು ಒಮ್ಮೆಯೂ ತುಳಿಯದವನು ಕೂಡ ಅದನ್ನು ಬಾಯಿಪಾಠ ಮಾಡಿ ಒಪ್ಪಿಸಬಹುದು. ಹಾಗೆ ಒಪ್ಪಿಸಬಹುದಾದ ಇತಿಹಾಸವು ನಾಡಿನ ಇತಿಹಾಸವೆನಿಸಲಾರದು.

ಇಕ್ಕೇರಿಯ ಅಘೋರೇಶ್ವರ ದೇವಾಲಯವನ್ನೇ ನೋಡಿರಿ. ಬಂದವರು ಅದರ ಎತ್ತರಕ್ಕೆ ಬೆರಗಾಗಿ, ನಂದಿಮಂಟಪವನ್ನು ಸುತ್ತಿ, ಶಿಲ್ಪಗಳನ್ನು ಹೊಗಳಿ ಹಿಂದಿರುಗುವರು. ಅವರು ಕಾಲಿಟ್ಟು ಹತ್ತಿದ ಕಲ್ಲುಮೆಟ್ಟಿಲನ್ನು ಮಾತ್ರ ಯಾರೂ ನೋಡುವುದಿಲ್ಲ. ಶಿವಪ್ಪನಾಯಕನು ತೋಟಗಳನ್ನು ಅಳೆಯಿಸಿದ ಗಳೆಯು ಆ ಮೆಟ್ಟಿಲಿನ ಉದ್ದಕ್ಕೆ ಸರಿಯಾಗಿ 18 ಅಡಿ 6 ಅಂಗುಲವಿದ್ದಿತೆಂದು ರೈಸ್ ಸಾಹೇಬರು 1897ರ ಮೈಸೂರು ಗ್ಯಾಸೆಟಿಯರಿನಲ್ಲಿ ಬರೆದಿದ್ದಾರೆ. ಗದ್ದೆಗಳ ವಿಷಯದಲ್ಲಿ ಆ ಅರಸನು ಇನ್ನೂ ಹೆಚ್ಚಿನ ತಾಳ್ಮೆಯನ್ನು ತೋರಿದನು. ಪ್ರತಿಯೊಂದು ಗ್ರಾಮದಲ್ಲಿಯೂ ಒಂದೊಂದು ತರದ ಭೂಮಿಯನ್ನು 12 ವರ್ಷಕಾಲ ತನ್ನ ಲೆಕ್ಕದಲ್ಲಿಯೇ ಸಾಗುವಳಿ ಮಾಡಿಸಿ, ಬಿತ್ತಿದ ಬೀಜವೆಷ್ಟು, ತಗಲಿದ ವೆಚ್ಚವೆಷ್ಟು, ಬಂದ ಹುಟ್ಟುವಳಿಯೆಷ್ಟೆಂಬುದನ್ನು ಬರೆಯಿಸಿ, ಸರಾಸರಿ ತೆಗೆದು, ಮೂರರಲ್ಲೊಂದು ಪಾಲನ್ನು ಅರಮನೆಗೆ ಗೊತ್ತುಪಡಿಸಿದನು. ದೇವರ ಮೆಟ್ಟಿಲು ತೋಟಿಗನ ಅಳತೆಗೋಲಾದ ಈ ವೃತ್ತಾಂತವು ಯಾವ ಯುದ್ಧದ ವರ್ಣನೆಗಿಂತ ಕಡಿಮೆಯಾದುದು?

ನೆಲವನ್ನು ಓದಬಲ್ಲವನಿಗೆ ಈ ಸೀಮೆಯೇ ಒಂದು ಗ್ರಂಥ. ಕೆಳದಿ, ಇಕ್ಕೇರಿಗಳ ಬಯಲಿನಿಂದ ಹೊರಟು ಬಿದನೂರಿಗೆ, ಎಂದರೆ ಈಗಿನ ನಗರಕ್ಕೆ, ನಡೆದು ನೋಡಿದವನು, ಬಿಜಾಪುರದ ಸೈನ್ಯವು ಇಕ್ಕೇರಿಯನ್ನು ಹಾಳುಗೆಡಹಿದ ಮೇಲೆ ರಾಜಧಾನಿಯು ಅಲ್ಲಿಗೇ ಏಕೆ ಸರಿಯಿತೆಂಬುದನ್ನು ಪುಸ್ತಕದ ಹಂಗಿಲ್ಲದೆ ಅರಿಯುವನು: ಸುತ್ತಲೂ ಬೆಟ್ಟಗಳ ಕೋಟೆ, ಪಡುವಲಿಗೆ ಕರಾವಳಿಗಿಳಿಯುವ ಘಟ್ಟದ ದಾರಿ. ಕಣಿವೆಯಲ್ಲಿ ಅಡಕೆಯ ತೋಟ, ಅದರ ಮೇಲೆ ಸೊಪ್ಪಿನ ಬೆಟ್ಟ, ಕೆಳಗೆ ಗದ್ದೆ: ಈ ಏರ್ಪಾಟು ತಾನಾಗಿ ಬೆಳೆದ ಕಾಡಲ್ಲ; ತಲೆತಲಾಂತರದ ದುಡಿಮೆಯಿಂದ ಆದುದು. ಇದನ್ನೆಲ್ಲ ‘ರಮ್ಯವಾದ ಮಲೆನಾಡು’ ಎಂಬ ಎರಡು ಮಾತಿನಲ್ಲಿ ಮುಗಿಸುವವರು ಗ್ರಂಥದ ರಟ್ಟನ್ನು ಹೊಗಳಿ ಒಳಗನ್ನು ಬಿಚ್ಚದವರು.

ಇಂಗ್ಲೆಂಡಿನವರು 1899ರಲ್ಲಿ ತಮ್ಮ ಒಂದೊಂದು ಜಿಲ್ಲೆಗೂ ಗ್ರಾಮವಾರಾಗಿ ಇತಿಹಾಸವನ್ನು ಬರೆಯುವ ಕಾರ್ಯವನ್ನು ಆರಂಭಿಸಿದರು. ನೂರು ವರ್ಷಗಳ ಮೇಲಾದರೂ ಅದು ಮುಗಿಯಲಿಲ್ಲ. ಹಾಸ್ಕಿನ್ಸ್ ಎಂಬ ವಿದ್ವಾಂಸರು 1955ರಲ್ಲಿ, ಬೇಲಿ, ಕಾಲುದಾರಿ, ಹೊಲದ ಎಲ್ಲೆಗಳೇ ಶ್ರೇಷ್ಠವಾದ ದಾಖಲೆಗಳೆಂದು ಸಾಧಿಸಿದರು. ಅವರನ್ನು ಅನುಕರಿಸಬೇಕೆಂಬುದು ಇಲ್ಲಿಯ ಅಭಿಪ್ರಾಯವಲ್ಲ. ಸಣ್ಣ ಊರೂ ಇತಿಹಾಸಕ್ಕೆ ಅರ್ಹವೆಂಬ ಅವರ ಗಾಂಭೀರ್ಯವನ್ನಾದರೂ ಕಲಿಯಬಹುದು.

ಕಾಲವಾದರೋ ಕಾದಿರುವುದಿಲ್ಲ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣವಾದಾಗ ಶರಾವತಿಯ ಹಿನ್ನೀರಿನಲ್ಲಿ ಅನೇಕ ಗ್ರಾಮಗಳು ಮುಳುಗಿದುವು. 1948ರ ಹಿರೇಭಾಸ್ಕರದ ಅಣೆಯೇ ಆ ನೀರಿನೊಳಗಾಯಿತು; ನೀರಿಳಿದ ಬೇಸಿಗೆಯಲ್ಲಿ ಅದು ಮತ್ತೆ ತಲೆಯೆತ್ತುವುದುಂಟು. ಗದ್ದೆಗಳ ಹೆಸರುಗಳು ಹಾಗೆ ತಲೆಯೆತ್ತುವುದಿಲ್ಲ. ಊರು ಬಿಟ್ಟುಬಂದವರ ನೆನಪಿನಲ್ಲಿಯೂ ಅವರು ಹೊತ್ತುತಂದ ಕಾಗದಪತ್ರಗಳಲ್ಲಿಯೂ ಉಳಿದುದೆಷ್ಟೋ ಅಷ್ಟೇ ಆ ಊರುಗಳ ಆಯುಸ್ಸು.

ಇಲ್ಲಿಯೇ ವಿದ್ಯಾವಂತ ಗೃಹಸ್ಥರ ಹೊಣೆಯು ಬರುವುದು. ಹಳೆಯ ಮನೆಗಳ ಅಟ್ಟಗಳಲ್ಲಿ ಓಲೆಗರಿಯ ಕಟ್ಟುಗಳೂ ಕಡತಗಳೂ ಬಿದ್ದಿವೆ. ಕೆಲವು ಗೆದ್ದಲಿಗೆ ಆಹಾರವಾದುವು. ಕೆಲವನ್ನು ಪುಣ್ಯಕಾರ್ಯವೆಂಬಂತೆ ಹೊಳೆಗೆ ಬಿಟ್ಟುದಾಯಿತು. ಕೆಲವು ಮನೆಯ ಜೀರ್ಣೋದ್ಧಾರದ ವೇಳೆಯಲ್ಲಿ ಬಚ್ಚಲೊಲೆಯನ್ನು ಸೇರಿದುವು. ಕಡತವೆಂದರೆ ಹುಣಿಸೆಬೀಜದ ಅಂಟನ್ನೂ ಇದ್ದಿಲಪುಡಿಯನ್ನೂ ಬಳಿದು ಕಪ್ಪುಮಾಡಿದ ಬಟ್ಟೆಯ ಮೇಲೆ ಬಳಪದಿಂದ ಬರೆದ ಲೆಕ್ಕ. ಧೂಳು ಹೋಗಲೆಂದು ಒದ್ದೆಯ ಅರಿವೆಯಿಂದ ಒರಸಿದವನು ಧೂಳಿನೊಡನೆ ಒಂದು ಗ್ರಾಮದ ಚರಿತ್ರೆಯನ್ನೂ ಒರಸಿದಂತಾಗುವುದು. ಈ ನಾಶಕ್ಕೆ ಯಾವ ಶತ್ರುಸೈನ್ಯವೂ ಕಾರಣವಲ್ಲ.

ಅವುಗಳ ಲಿಪಿಯೇ ತಿಳಿಯದೆಂದು ಕೆಲವರು ಆಕ್ಷೇಪಿಸುವರು. ತಿಗಳಾರಿಯನ್ನೂ ಮೋಡಿಯನ್ನೂ ಓದಬಲ್ಲವರು ವಿರಳರೆಂಬುದು ನಿಜ, ಇಲ್ಲವೆಂಬುದು ನಿಜವಲ್ಲ. ಕೆಳದಿ ಗುಂಡಾ ಜೋಯಿಸರು ಇಂತಹ ಓಲೆಗಳನ್ನೇ ಅರಸಿ, ಓದಿ, ಕೆಳದಿಯ ವಸ್ತುಸಂಗ್ರಹಾಲಯವನ್ನು ಬೆಳೆಯಿಸಿದರು. ಒಬ್ಬರಿಂದ ಅಷ್ಟಾಗುವುದಾದರೆ, ಮನೆಮನೆಯೂ ಕೈಗೂಡಿಸಿದರೆ ಎಷ್ಟಾಗದು? ಮತ್ತೆ ಕೆಲವರು, ಕಂದಾಯದ ಲೆಕ್ಕವು ಸಾಹಿತ್ಯವೆ ಎಂದು ಮೂಗುಮುರಿಯುವರು. ಇದೇ ವಂಶದ ಬಸವಪ್ಪನಾಯಕನು ಸಂಸ್ಕೃತದಲ್ಲಿ ‘ಶಿವತತ್ತ್ವರತ್ನಾಕರ’ವನ್ನು ರಚಿಸಿದಾಗ, ಶಾಸ್ತ್ರಗಳ ಪಕ್ಕದಲ್ಲಿಯೇ ಪಾಕಕ್ರಮಕ್ಕೂ ಸ್ಥಾನವಿತ್ತನು. ಅರಸನಿಗೆ ಅಡುಗೆಮನೆಯು ಹೀನವೆನಿಸಲಿಲ್ಲ; ಅವನ ನಾಡಿನವರಿಗೆ ತಮ್ಮ ಹಿರಿಯರ ಗದ್ದೆಯ ಲೆಕ್ಕವು ಹೀನವೆನಿಸುವುದೇತಕ್ಕೆ? ಸರ್ಕಾರವು ನೋಡಿಕೊಳ್ಳಲೆಂಬ ಮೂರನೆಯ ವಾದವುಂಟು. ಸರ್ಕಾರವು ಕವಲೇದುರ್ಗದ ಗೋಡೆಯನ್ನು ಕಾಯಬಹುದು. ಪರರ ಮನೆಯ ಅಟ್ಟವನ್ನು ಹತ್ತಲಾರದು.

ಆಗತಕ್ಕ ಕಾರ್ಯವೇನೂ ದೊಡ್ಡದಲ್ಲ. ಅಟ್ಟದ ಕಟ್ಟುಗಳನ್ನು ಬಲ್ಲವರಿಗೆ ತೋರಿಸದೆ ಹೊರಹಾಕಬಾರದು. ಗದ್ದೆ, ಕೆರೆ, ಬೆಟ್ಟ, ಕಾಲುದಾರಿಗಳ ಹೆಸರುಗಳನ್ನು ಮನೆಯ ಹಿರಿಯರಿಂದ ಕೇಳಿ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಮಕ್ಕಳನ್ನು ಇಕ್ಕೇರಿಗೆ ಕರೆದೊಯ್ದವರು ಶಿಲ್ಪದೊಡನೆ ಮೆಟ್ಟಿಲನ್ನೂ ತೋರಿಸಬೇಕು. ಇಷ್ಟನ್ನೂ ಮಾಡದೆ ವರ್ಷಕ್ಕೊಮ್ಮೆ ಭಾಷಣದಲ್ಲಿ ನಾಯಕರ ಜಯಕಾರ ಮಾಡುವುದು, ಹಿರಿಯರ ಪತ್ರಗಳನ್ನು ಒಲೆಗೆ ಹಾಕಿ ಅವರ ಪಟಕ್ಕೆ ಹೂವೇರಿಸಿದಂತೆಯೇ ಸರಿ.