ಸರಕಾರದ ಪರವಾಗಿ ನಿಲ್ಲುವುದೆಂದರೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕಳುಹಿಸಬೇಕೆಂದು ಸಂಪಾದಕ ಮಂಡಳಿಯವರು ಪತ್ರ ಬರೆದಾಗ, ಶಾಲೆಯ ನೆನಪುಗಳನ್ನು ನನಗಿಂತ ಸೊಗಸಾಗಿ ಬರೆಯಬಲ್ಲವರು ಗುಡ್ಡಾಪುರದಲ್ಲಿಯೇ ಅನೇಕರಿದ್ದಾರೆ ಎಂದು ನನಗೆ ಅನ್ನಿಸಿತು. ಆದುದರಿಂದ ನಾನು ಚೆನ್ನಾಗಿ ಬಲ್ಲ ವಿಷಯವೊಂದನ್ನು ಕುರಿತು ನನ್ನ ಅಭಿಪ್ರಾಯವನ್ನು ವಾಚಕರ ಮುಂದಿಡುತ್ತೇನೆ. ಈ ಶಾಲೆಯ ಮೊದಮೊದಲ ತಂಡಗಳಲ್ಲಿ ಕಲಿತು, ಮುಂದೆ ಕಾಯದೆ ಓದಿ, ಗಡಿಯಾಚೆಯ ಕರ್ನಾಟಕದಲ್ಲಿ ನಾನು ಇಪ್ಪತ್ತೆರಡು ವರ್ಷ ಸರಕಾರಿ ವಕೀಲನಾಗಿದ್ದೆ. ಕೊಲೆ ದರೋಡೆಗಳ ಖಟ್ಲೆಗಳು ನನ್ನ ಪಾಲಿಗೆ ಬರಲಿಲ್ಲ. ಬಂದವೆಲ್ಲ ಗುತ್ತಿಗೆಯ ತಕರಾರುಗಳು. ರಸ್ತೆ, ಸೇತುವೆ, ಕಾಲುವೆ, ಶಾಲಾ ಕೋಣೆ ಇವುಗಳನ್ನು ಕಟ್ಟಿದವರಿಗೂ ಕಟ್ಟಿಸಿದ ಸರಕಾರಕ್ಕೂ ನಡುವೆ ಹುಟ್ಟಿದ ದಾವೆಗಳು.

ಊರಿಗೆ ಬಂದಾಗಲೆಲ್ಲ ಹಿರಿಯರು ನನ್ನನ್ನು ಕೇಳುತ್ತಿದ್ದ ಪ್ರಶ್ನೆಯೊಂದಿದೆ. "ಸರಕಾರದ್ದs ತಪ್ಪಿದ್ರೂ ನೀ ಅದರ ಕಡೀನ ಮಾತಾಡಬೇಕೇನೋ ತಮ್ಮಾ?" ಪ್ರಶ್ನೆಯಲ್ಲಿ ಕುತೂಹಲಕ್ಕಿಂತ ಅನುಮಾನವೇ ಹೆಚ್ಚು. ಜಗಲಿಯ ಮೇಲೆ ಕುಳಿತು ಒಂದು ಮಾತಿನಲ್ಲಿ ಅದಕ್ಕೆ ಉತ್ತರ ಹೇಳಲಾಗುತ್ತಿರಲಿಲ್ಲ.

ಕರಾರು ಎಂಬುದು ನಮ್ಮ ಭಾಗದವರಿಗೆ ಹೊಸದಲ್ಲ. ಮಳೆ ಕೈಕೊಟ್ಟ ವರ್ಷ ಜತ್ತ ತಾಲೂಕಿನಿಂದ ಕಬ್ಬು ಕಡಿಯಲು ಹೋಗುವ ಟೋಳಿಯವರು ಮುಕಾದಮನಿಂದ ಮುಂಗಡ ಹಣ ಪಡೆದು ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಾರಲ್ಲ, ಅದೂ ಕರಾರೇ. ಆದರೆ ಸರಕಾರದೊಡನೆ ಮಾಡಿಕೊಳ್ಳುವ ಕರಾರಿಗೆ ಒಂದು ವಿಶೇಷ ನಿಯಮವಿದೆ. ಸಂವಿಧಾನದ 299ನೆಯ ಅನುಚ್ಛೇದದ ಪ್ರಕಾರ ರಾಜ್ಯದ ಕರಾರು ರಾಜ್ಯಪಾಲರ ಹೆಸರಿನಲ್ಲಿಯೇ ಆಗಬೇಕು. ಅಧಿಕಾರ ಪಡೆದ ಅಧಿಕಾರಿ ರಾಜ್ಯಪಾಲರ ಪರವಾಗಿ ಅದಕ್ಕೆ ಸಹಿ ಹಾಕಬೇಕು. ಹಳ್ಳದ ಮೇಲಿನ ಒಂದು ಸಣ್ಣ ಮೋರಿಯನ್ನು ಕಟ್ಟಿಸುವವರೂ ಕಾಗದದ ಮೇಲೆ ರಾಜ್ಯಪಾಲರೇ. ನಿಯಮದ ಉದ್ದೇಶ ಒಳ್ಳೆಯದು. ದಾರಿಯಲ್ಲಿ ಹೋಗುವ ಯಾವನೋ ನೌಕರನ ಬಾಯಿಮಾತಿನಿಂದ ಸಾರ್ವಜನಿಕ ಖಜಾನೆ ಖಾಲಿಯಾಗಬಾರದು. ಆದರೆ ಇದೇ ನಿಯಮ, ಮಾಡಿಸಿಕೊಂಡ ಕೆಲಸಕ್ಕೆ ಹಣ ಕೊಡದಿರಲು ಎಷ್ಟು ಸಲ ನೆಪವಾಗುತ್ತದೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಒಂದು ಪ್ರಕರಣವನ್ನು ಹೇಳುತ್ತೇನೆ. ಊರನ್ನೂ ಇಲಾಖೆಯನ್ನೂ ಹೆಸರಿಸುವುದಿಲ್ಲ. ಒಂದು ಮಳೆಗಾಲದ ರಾತ್ರಿ ಕೆರೆಯ ಒಡ್ಡು ಸೀಳತೊಡಗಿತು. ಕೆಳಗೆ ಊರು. ಕಿರಿಯ ಎಂಜಿನಿಯರರು ಹತ್ತಿರದ ಸಣ್ಣ ಗುತ್ತಿಗೆದಾರನನ್ನು ಕರೆಸಿ, "ಕಲ್ಲು ಮೊರಂ ತಂದು ಹಾಕು, ಕಾಗದ ಆಮೇಲೆ ನೋಡೋಣ" ಎಂದರು. ಅವನಿಗೆ ಸ್ವಂತದ್ದೊಂದು ಟ್ರ್ಯಾಕ್ಟರು ಇತ್ತು. ಇನ್ನೆರಡನ್ನು ಬಾಡಿಗೆಗೆ ತಂದ. ಮೂರು ರಾತ್ರಿ, ಮೂರು ಹಗಲು ಕೆಲಸ ನಡೆಯಿತು. ಊರು ಉಳಿಯಿತು. ಎಂಜಿನಿಯರರಿಗೆ ವರ್ಗವಾಯಿತು. ಕಾಗದ ಬರಲೇ ಇಲ್ಲ.

ಎರಡು ವರ್ಷ ಕಚೇರಿಗೆ ಅಲೆದ ಮೇಲೆ ಅವನು ದಿವಾಣಿ ಪ್ರಕ್ರಿಯಾ ಸಂಹಿತೆಯ 80ನೆಯ ಕಲಮಿನ ಪ್ರಕಾರ ನೋಟೀಸು ಕೊಟ್ಟ. ಸರಕಾರದ ಮೇಲೆ ದಾವೆ ಹೂಡುವ ಮೊದಲು ಎರಡು ತಿಂಗಳ ಮುನ್ಸೂಚನೆ ಕೊಡಬೇಕೆಂಬುದು ಈ ಕಲಮು. ಆ ಎರಡು ತಿಂಗಳಲ್ಲಿ ಸರಕಾರ ಕೇಳಿಕೆಯನ್ನು ಪರಿಶೀಲಿಸಿ, ನ್ಯಾಯವಾದುದನ್ನು ಕೊಟ್ಟು ಮುಗಿಸಲಿ ಎಂಬುದೇ ಅದರ ತಿರುಳು. ಕಡತ ನನ್ನ ಬಳಿಗೆ ಬಂತು. ಸ್ಥಳ ಪರಿಶೀಲನೆ ಮಾಡಿ, ಬಿದ್ದ ಕಲ್ಲುಮಣ್ಣಿನ ಅಳತೆ ತೆಗೆದು, ಇಲಾಖೆಯ ದರಪಟ್ಟಿಯ ಪ್ರಕಾರ ಹಣ ಸಂದಾಯ ಮಾಡಬಹುದೆಂದು ನಾನು ಅಭಿಪ್ರಾಯ ಬರೆದೆ. ಭಾರತೀಯ ಕರಾರು ಕಾಯದೆ, 1872ರ 70ನೆಯ ಕಲಮು ಇದಕ್ಕೆ ಆಧಾರ. ಪುಕ್ಕಟೆ ಮಾಡುವ ಉದ್ದೇಶವಿಲ್ಲದೆ ಒಬ್ಬನು ಇನ್ನೊಬ್ಬನಿಗಾಗಿ ನ್ಯಾಯವಾಗಿ ಕೆಲಸ ಮಾಡಿಕೊಟ್ಟು, ಆ ಇನ್ನೊಬ್ಬನು ಅದರ ಲಾಭ ಪಡೆದುಕೊಂಡಿದ್ದರೆ, ಪರಿಹಾರ ಕೊಡಲೇಬೇಕು. ಬಂಗಾಳದ ಸರಕಾರಕ್ಕೆ ಯುದ್ಧಕಾಲದಲ್ಲಿ ಕಟ್ಟಡಗಳನ್ನು ಕಟ್ಟಿಕೊಟ್ಟ ಬಿ.ಕೆ. ಮಂಡಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1961ರಷ್ಟು ಹಿಂದೆಯೇ, ವಿಧಿಪೂರ್ವಕ ಕರಾರು ಇಲ್ಲದಿದ್ದರೂ ಈ ಕಲಮು ಸರಕಾರಕ್ಕೆ ಅನ್ವಯಿಸುತ್ತದೆಂದು ಹೇಳಿಬಿಟ್ಟಿದೆ.

ನನ್ನ ಅಭಿಪ್ರಾಯ ಕಡತದಲ್ಲಿಯೇ ಉಳಿಯಿತು. ದಾವೆ ಬಂತು. ಕೆಲಸವೇ ನಡೆದಿಲ್ಲವೆಂದು ಕೈಫಿಯತ್ತು ಸಲ್ಲಿಸಿರೆಂದು ಮೇಲಿನ ಅಧಿಕಾರಿಯೊಬ್ಬರು ನನಗೆ ಹೇಳಿದರು. ಅಂಥ ಕೈಫಿಯತ್ತಿಗೆ ನಾನು ಸಹಿ ಮಾಡಲಿಲ್ಲ. ಮೊತ್ತ ಹೆಚ್ಚಾಗಿದೆ, ಅಳತೆ ಸಾಬೀತಾಗಲಿ ಎಂಬಷ್ಟಕ್ಕೇ ನಮ್ಮ ತಕರಾರನ್ನು ಸೀಮಿತಗೊಳಿಸಿದೆ. ಏಕೆಂದರೆ ಅಷ್ಟು ಮಾತ್ರ ನಿಜವಾಗಿತ್ತು. ಆ ಗುತ್ತಿಗೆದಾರನ ಬಳಿ ಇದ್ದ ಸಾಕ್ಷ್ಯವಾದರೂ ಏನು? ಎಷ್ಟು ಟ್ರಿಪ್ಪು ಕಲ್ಲು, ಯಾರಿಗೆ ಎಷ್ಟು ಕೂಲಿ, ಎಷ್ಟು ಲೀಟರು ಡೀಸೆಲ್ಲು ಎಂದು ದಿನದಿನವೂ ಕನ್ನಡದಲ್ಲಿ ಬರೆದಿಟ್ಟ ಒಂದು ಸಣ್ಣ ವಹಿ. ವರ್ಗವಾಗಿ ಹೋಗಿದ್ದ ಎಂಜಿನಿಯರರು ಸಾಕ್ಷಿಕಟ್ಟೆಗೆ ಬಂದು, "ಹೌದು, ನಾನೇ ಹೇಳಿದ್ದೆ" ಎಂದರು. ಇಂದಿಗೂ ನಾನು ಅವರನ್ನು ಗೌರವದಿಂದ ನೆನೆಯುತ್ತೇನೆ. 3,70,000 ರೂಪಾಯಿಗೆ ಡಿಕ್ರಿಯಾಯಿತು. ಏಳು ವರ್ಷಗಳ ಬಡ್ಡಿ, ಖರ್ಚು ಸೇರಿ ಐದೂಕಾಲು ಲಕ್ಷ ದಾಟಿತು. ಸರಕಾರದ ಮೇಲಿನ ಡಿಕ್ರಿಯನ್ನು ಮೂರು ತಿಂಗಳವರೆಗೆ ಜಾರಿಗೊಳಿಸುವಂತಿಲ್ಲ. ಆ ಮೂರು ತಿಂಗಳೂ ಕಳೆದವು. ಕೊನೆಗೆ ಬೇಲಿಫರು ಕಚೇರಿಯ ಜೀಪನ್ನು ಜಪ್ತಿ ಮಾಡಲು ಬಂದ ದಿನ ಚೆಕ್ಕು ಸಿದ್ಧವಾಯಿತು. ಅಷ್ಟರಲ್ಲಿ ಆ ಮನುಷ್ಯ ತನ್ನ ಟ್ರ್ಯಾಕ್ಟರನ್ನು ಮಾರಿಕೊಂಡಿದ್ದ.

ಹೀಗೇಕಾಗುತ್ತದೆ? ಅಧಿಕಾರಿಗಳೆಲ್ಲ ಕ್ರೂರಿಗಳೆಂದೋ ಲಂಚಕೋರರೆಂದೋ ನಾನು ಹೇಳಲಾರೆ. ಸಜ್ಜನರಾದ ಅಧಿಕಾರಿಯೊಬ್ಬರು ನನಗೆ ಬಿಚ್ಚುಮನಸ್ಸಿನಿಂದ ಹೇಳಿದ್ದರು: "ವಕೀಲ ಸಾಹೇಬರೇ, ನಾನಾಗಿ ಕೊಟ್ಟರೆ ನಾಳೆ ಲೆಕ್ಕಪರಿಶೋಧನೆಯವರಿಗೆ ನಾನು ಉತ್ತರ ಹೇಳಬೇಕು. ಕೋರ್ಟು ಕೊಡಿಸಿದರೆ ಯಾರೂ ನನ್ನನ್ನು ಕೇಳುವುದಿಲ್ಲ." ರೋಗದ ಮೂಲ ಇಲ್ಲಿದೆ. ನ್ಯಾಯವಾಗಿ ಕೊಟ್ಟವನು ಅಪರಾಧಿಯಂತೆ ನಿಲ್ಲಬೇಕು. ಅನ್ಯಾಯವಾಗಿ ತಡೆದು ಬಡ್ಡಿ ಬೆಳೆಸಿದವನಿಗೆ ಯಾವ ಆಕ್ಷೇಪಣೆಯೂ ಇಲ್ಲ. ಸರಕಾರದ ಹಿತ ಬೇರೆ, ಆ ಕುರ್ಚಿಯಲ್ಲಿ ಆ ದಿನ ಕುಳಿತವರ ಹಿತ ಬೇರೆ. ಸರಕಾರಿ ವಕೀಲನು ಮೊದಲನೆಯದರ ಪರವಾಗಿ ನಿಲ್ಲಬೇಕೆಂಬುದೇ ಹಿರಿಯರ ಪ್ರಶ್ನೆಗೆ ನನ್ನ ಉತ್ತರ. ತಾಯಿ ದಾನಮ್ಮನ ಸನ್ನಿಧಿಯಲ್ಲಿ ಬೆಳೆದವರಿಗೆ ದಾನ ಯಾವುದು, ಋಣ ಯಾವುದು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮಾಡಿದ ಕೆಲಸದ ಬಿಲ್ಲು ಋಣ. ಕಚೇರಿಗಳು ಅದನ್ನು ದಾನವೆಂದು ತಿಳಿದು ನಡೆದುಕೊಳ್ಳುತ್ತವೆ.

ಕೇಂದ್ರ ಸರಕಾರವು 2023ರಲ್ಲಿ ಗುತ್ತಿಗೆಯ ಹಳೆಯ ತಂಟೆಗಳನ್ನು ಮುಗಿಸಲು 'ವಿವಾದ್ ಸೇ ವಿಶ್ವಾಸ್' ಎಂಬ ಯೋಜನೆಯನ್ನು ತಂದಿತು. ನ್ಯಾಯಾಲಯದ ತೀರ್ಪಿನ ಮೊತ್ತದಲ್ಲಿ ನೂರಕ್ಕೆ 85ರವರೆಗೆ, ಪಂಚಾಯಿತಿ ತೀರ್ಪಿನ ಮೊತ್ತದಲ್ಲಿ 65ರವರೆಗೆ ಕೊಟ್ಟು ಮುಗಿಸುವುದು ಅದರ ಕ್ರಮ. ಗೆದ್ದವನು ತನ್ನ ಗೆಲುವಿನಲ್ಲಿಯೇ ಸೋಡಿ ಬಿಡಬೇಕಾದ ಈ ಏರ್ಪಾಡು ನನಗೆ ಪೂರ್ಣ ಒಪ್ಪಿಗೆಯಿಲ್ಲ. ಆದರೂ ಕೊಡುವ ಅಧಿಕಾರಿಗೆ ಒಂದು ಲಿಖಿತ ಆಧಾರ ಸಿಕ್ಕಿತಲ್ಲ, ಅದು ದೊಡ್ಡ ಮಾತು. ಇಂಥ ಆಧಾರವು 80ನೆಯ ಕಲಮಿನ ನೋಟೀಸು ಬಂದ ದಿನವೇ, ಪ್ರತಿ ಜಿಲ್ಲೆಯಲ್ಲಿಯೂ ಸಿಗಬೇಕು.

ಸರಕಾರ ದೊಡ್ಡದು, ಎದುರಿನವನು ಸಣ್ಣವನು ಎಂಬ ಅಸಮತೆ ಕಾಯದೆಯಲ್ಲಿಯೇ ಅಲ್ಲಲ್ಲಿ ಅಡಗಿದೆ. 1963ರ ಕಾಲಮಿತಿ ಕಾಯದೆಯ ಪ್ರಕಾರ, ಮಾಡಿದ ಕೆಲಸದ ಹಣಕ್ಕಾಗಿ ಪ್ರಜೆ ಮೂರು ವರ್ಷದೊಳಗೆ ದಾವೆ ಹೂಡಬೇಕು. ಸರಕಾರಕ್ಕೆ ತನ್ನ ದಾವೆಗಳಿಗೆ ಮೂವತ್ತು ವರ್ಷಗಳ ಅವಕಾಶ. "ಮುಂದಿನ ತಿಂಗಳು ಬಾ" ಎಂಬ ಮಾತನ್ನು ನಂಬಿ ಮೂರು ವರ್ಷ ಕಳೆದುಕೊಂಡವರನ್ನು ನಾನು ಎಷ್ಟೋ ಕಂಡಿದ್ದೇನೆ. ಆದರೆ ಆ ಅವಧಿ ಮುಗಿಯುವ ಮೊದಲು ಅಧಿಕಾರವುಳ್ಳವರಿಂದ ಹಣ ಬಾಕಿಯಿದೆಯೆಂದು ಸಹಿಯೊಡನೆ ಒಂದು ಸಾಲು ಬರೆಯಿಸಿಕೊಂಡರೆ ಸಾಕು, ಆ ದಿನದಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ. ಈ ಒಂದು ಸಾಲಿನ ಬೆಲೆ ಗೊತ್ತಿಲ್ಲದೆ ಹೊಲ ಮಾರಿದವರಿದ್ದಾರೆ.

ಅಸಮತೆಗೆ ನ್ಯಾಯಾಲಯಗಳು ಕಡಿವಾಣ ಹಾಕಿದ್ದೂ ಉಂಟು. ತೀರ್ಥಹಳ್ಳಿಯ ರಾಮೇಶ್ವರ ರೈಸ್ ಮಿಲ್ಲಿನ ಪ್ರಕರಣ ವಕೀಲರಿಗೆಲ್ಲ ಪರಿಚಿತ. ಕರಾರು ಮುರಿದರೆ ನಷ್ಟ ಎಷ್ಟೆಂದು ಸರಕಾರವೇ ನಿರ್ಧರಿಸುವುದು, ಅದನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡುವುದು ಎಂದು ಅದರ ಕರಾರಿನಲ್ಲಿ ಬರೆದಿತ್ತು. ಕರಾರು ಮುರಿದದ್ದೇ ವಿವಾದದಲ್ಲಿರುವಾಗ ಒಬ್ಬ ಪಕ್ಷಗಾರನೇ ನ್ಯಾಯಾಧೀಶನಾಗಲು ಬರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1987ರಲ್ಲಿ ತೀರ್ಪಿತ್ತಿತು. ಕರ್ನಾಟಕ ಸರಕಾರ ಸೋತ ಆ ಪ್ರಕರಣವನ್ನು ಕರ್ನಾಟಕದ ಸರಕಾರಿ ವಕೀಲನಾದ ನಾನು ಅಧಿಕಾರಿಗಳಿಗೆ ಎಷ್ಟು ಸಲ ಓದಿ ಹೇಳಿದ್ದೇನೋ ಲೆಕ್ಕವಿಲ್ಲ. ಅದರ ವಿಚಾರ ಇನ್ನೂ ಮುಂದೆ ಸಾಗಿದೆ. ಸರಕಾರಿ ಸಂಸ್ಥೆಯೊಂದೇ ಪಂಚರನ್ನು ತನ್ನ ಇಚ್ಛೆಯಂತೆ ನೇಮಿಸುವ ಕಲಮುಗಳು ಸಮಾನತೆಗೆ ವಿರುದ್ಧವೆಂದು 2024ರ ನವೆಂಬರಿನಲ್ಲಿ ಸಂವಿಧಾನ ಪೀಠವು ಹೇಳಿದೆ.

ಇದನ್ನೆಲ್ಲ ಓದಿ ಗುತ್ತಿಗೆದಾರರೆಲ್ಲ ಸಂತರೆಂದು ಯಾರೂ ಭಾವಿಸಬಾರದು. ಯಂತ್ರಗಳು ಎಂಟು ತಿಂಗಳು ಕೆಲಸವಿಲ್ಲದೆ ನಿಂತವು, ನಷ್ಟ ತುಂಬಿಕೊಡಿ ಎಂದು ಒಬ್ಬ ದೊಡ್ಡ ಗುತ್ತಿಗೆದಾರ ಕೋಟಿಗಟ್ಟಲೆ ಕೇಳಿದ್ದ. ಅದೇ ಯಂತ್ರದ ನೋಂದಣಿ ಸಂಖ್ಯೆ ಅದೇ ಎಂಟು ತಿಂಗಳಲ್ಲಿ ಬೇರೊಂದು ಜಿಲ್ಲೆಯ ಕಾಮಗಾರಿಯ ದಿನಚರಿಯಲ್ಲಿ ನಮೂದಾಗಿತ್ತು. ಆ ಪುಟವನ್ನು ಹುಡುಕಿ ತೆಗೆದ ಗುಮಾಸ್ತರಿಗೆ ನಾನು ಸಿಹಿ ಹಂಚಿದೆ. ಇಂಥ ಕೇಳಿಕೆಗಳನ್ನು ಕೊನೆಯ ನ್ಯಾಯಾಲಯದವರೆಗೂ ವಿರೋಧಿಸಲೇಬೇಕು. ದುರ್ದೈವವೆಂದರೆ, ಮೂರು ಲಕ್ಷದ ಪ್ರಾಮಾಣಿಕ ಬಿಲ್ಲಿನ ಮೇಲೆ ಮೇಲ್ಮನವಿ ಹಾಕುವ ಉತ್ಸಾಹ ಮೂರು ಕೋಟಿಯ ಸುಳ್ಳು ಬಿಲ್ಲಿನ ವಿಷಯದಲ್ಲಿ ಕಾಣುವುದಿಲ್ಲ. ಅಲ್ಲಿ ಕಡತವೇ ಅವಧಿ ಮೀರಿ ಬರುತ್ತದೆ. ಮಹಾರಾಷ್ಟ್ರದ ಜಲಸಂಪನ್ಮೂಲ ಇಲಾಖೆಗೂ ಬೋರ್ಸೆ ಬ್ರದರ್ಸ್ ಎಂಬ ಗುತ್ತಿಗೆದಾರರಿಗೂ ನಡೆದ ಪ್ರಕರಣದಲ್ಲಿ, 60 ದಿನಗಳಲ್ಲಿ ಸಲ್ಲಬೇಕಾದ ಮೇಲ್ಮನವಿ ಇನ್ನೂ 131 ದಿನ ತಡವಾಗಿ ಬಂತು. ಸರಕಾರವೆಂಬ ಕಾರಣಕ್ಕೆ ವಿಳಂಬವನ್ನು ಮನ್ನಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ ಅದನ್ನು ತಳ್ಳಿಹಾಕಿತು. ಇಂಥ ವಿಳಂಬದ ಬೆಲೆಯೇನು? 1996ರ ಪಂಚಾಯಿತಿ ಕಾಯದೆಯು 2015ರ ತಿದ್ದುಪಡಿಯವರೆಗೆ, ತೀರ್ಪಿನಲ್ಲಿ ಬೇರೆ ಹೇಳದಿದ್ದರೆ, ನೂರಕ್ಕೆ 18ರ ಬಡ್ಡಿಯನ್ನು ವಿಧಿಸಿತ್ತು. ಆ ದರದಲ್ಲಿ ಐದೂವರೆ ವರ್ಷ ದಾಟುವಷ್ಟರಲ್ಲಿ ಅಸಲು ಇಮ್ಮಡಿಯಾಗುತ್ತದೆ. ಆ ಹಣ ಯಾವ ಅಧಿಕಾರಿಯ ಮನೆಯಿಂದಲೂ ಬರುವುದಿಲ್ಲ.

ಕೊನೆಯದಾಗಿ ಭಾಷೆಯ ಮಾತು. ಕನ್ನಡ ಶಾಲೆಯ ಸಂಚಿಕೆಯಲ್ಲಿ ಅದನ್ನು ಹೇಳದೆ ಮುಗಿಸಲಾಗದು. ನಾನು ಕಂಡ ಟೆಂಡರು ಷರತ್ತುಗಳು ಬಹುಪಾಲು ಇಂಗ್ಲಿಷಿನವು. ನೂರು ಪುಟಗಳ ಕೆಳಗೆ ಕನ್ನಡದಲ್ಲಿ ಸಹಿ ಮಾಡಿದವರು ಅದರ ಒಂದು ಪುಟವನ್ನೂ ಓದಿರಲಿಲ್ಲ. ನಮ್ಮ ಜತ್ತ ತಾಲೂಕಿನ ಕನ್ನಡಿಗನ ಕೈಗೆ ಬರುವ ಕಾಗದ ಮರಾಠಿಯಲ್ಲಿರುತ್ತದೆ. ಓದದೆ ಮಾಡಿದ ಸಹಿಯೂ ಸಹಿಯೇ; ನ್ಯಾಯಾಲಯದಲ್ಲಿ 'ನನಗೆ ಭಾಷೆ ಬರುತ್ತಿರಲಿಲ್ಲ' ಎಂಬ ಮಾತು ಬಹುಶಃ ಎಲ್ಲಿಯೂ ಉಳಿಸುವುದಿಲ್ಲ. ಸಹಿ ಮಾಡುವವನ ಭಾಷೆಯಲ್ಲಿ ಮುಖ್ಯ ಷರತ್ತುಗಳ ಎರಡು ಪುಟಗಳನ್ನಾದರೂ ಲಗತ್ತಿಸಬೇಕೆಂಬುದು ನನ್ನ ಬಹುದಿನದ ಆಗ್ರಹ. ಎಷ್ಟೋ ದಾವೆಗಳು ಅಲ್ಲಿಯೇ ನಿಲ್ಲುತ್ತಿದ್ದವು. ಇನ್ನೊಂದು ವಿಷಯ ನಮ್ಮವರಿಗೆ ಅಷ್ಟಾಗಿ ತಿಳಿದಿಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯ ಒದಗಿಸಬೇಕೆನ್ನುವ 350ಎ ಅನುಚ್ಛೇದದ ಪಕ್ಕದಲ್ಲಿಯೇ 350ನೆಯದಿದೆ. ಕುಂದುಕೊರತೆಯ ಅರ್ಜಿಯನ್ನು ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಯಾವುದೇ ಅಧಿಕಾರಿಗೆ ಸಲ್ಲಿಸುವ ಹಕ್ಕು ಅದರಲ್ಲಿದೆ. ಗುಡ್ಡಾಪುರದವನು ಸಾಂಗಲಿಯ ಕಚೇರಿಗೆ ಕನ್ನಡದಲ್ಲಿ ಅರ್ಜಿ ಕೊಡಬಹುದು.

2022ರ ಕೊನೆಯಲ್ಲಿ ಜತ್ತ ತಾಲೂಕಿನ ನೀರಿನ ಪ್ರಶ್ನೆ ಎರಡೂ ರಾಜ್ಯಗಳಲ್ಲಿ ಗದ್ದಲವೆಬ್ಬಿಸಿದ ಮೇಲೆ ಮ್ಹೈಸಾಳ ಏತ ನೀರಾವರಿಯ ವಿಸ್ತರಣೆಗೆ ವೇಗ ಬಂದಿತು. ನೀರಿಗಿಂತ ಮೊದಲು ಬರುವುದು ಗುತ್ತಿಗೆ. ದೊಡ್ಡ ಗುತ್ತಿಗೆದಾರನ ಕೈಕೆಳಗೆ ಒಳಗುತ್ತಿಗೆ, ಅದರ ಕೆಳಗೆ ನಮ್ಮೂರಿನ ಟ್ರ್ಯಾಕ್ಟರು, ನಮ್ಮೂರಿನ ಗೌಂಡಿ. ಅವರಲ್ಲಿ ಅನೇಕರು ಈ ಶಾಲೆಯ ಬೆಂಚಿನಲ್ಲಿ ಕುಳಿತು ಎದ್ದವರು. ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ ನಾನು ಪ್ರತಿ ವರ್ಷ ಊರಿಗೆ ಬರುತ್ತೇನೆ. ಒಂದು ವಾರ ಇರುತ್ತೇನೆ. ಕಾಗದವಿದ್ದವರು ತರಲಿ, ಓದಿ ಹೇಳುತ್ತೇನೆ. ಸಹಿ ಹಾಕುವ ಮೊದಲೇ ತಂದರೆ ಬಹಳ ಒಳ್ಳೆಯದು; ಹಾಕಿದ ಮೇಲಾದರೆ, ಕೆಲಸ ಮುಗಿದು ಮೂರು ವರ್ಷ ತುಂಬುವುದರೊಳಗೆ ತರಲಿ.