ಕಲೆಯೂ ಕಾಯಕವೇ: ಗುಬ್ಬಿ ವೀರಣ್ಣನವರ ಬಾಳಿನ ಪಾಠ

ಮನರಂಜನೆಯೆಂಬುದು ಬಿಡುವಿನ ವೇಳೆಯ ಹಗುರವಾದ ವ್ಯವಹಾರವೆಂದೂ, ವಿದ್ಯೆಯೆಂಬುದು ಅದಕ್ಕೆ ವಿಮುಖವಾದ ಗಂಭೀರ ಸಾಧನೆಯೆಂದೂ ಭಾವಿಸುವವರು ಬಹುಮಂದಿ. ಶರಣಸಂಪ್ರದಾಯವು ಈ ಭೇದವನ್ನು ಮನ್ನಿಸಲಿಲ್ಲ. ಹನ್ನೆರಡನೆಯ ಶತಮಾನದ ಶರಣಗಣದಲ್ಲಿ ವೇಷ ಧರಿಸಿ ಆಡುತ್ತಿದ್ದ ಬಹುರೂಪಿ ಚೌಡಯ್ಯನಿಗೂ, ಜನರನ್ನು ನಗಿಸುವುದನ್ನೇ ಕಾಯಕವಾಗಿಸಿಕೊಂಡಿದ್ದ ನಗೆಯ ಮಾರಿತಂದೆಗೂ ಗೌರವದ ಸ್ಥಾನವಿತ್ತು. ನಗಿಸುವುದೂ ಕಾಯಕವಾದ ಮೇಲೆ ಅದಕ್ಕೂ ನಿಯಮ ಬೇಕು, ಶ್ರಮ ಬೇಕು, ಶುದ್ಧಿ ಬೇಕು. ಈ ತತ್ತ್ವಕ್ಕೆ ಇಪ್ಪತ್ತನೆಯ ಶತಮಾನದ ಕನ್ನಡನಾಡು ಕಂಡ ಉಜ್ವಲ ನಿದರ್ಶನವೆಂದರೆ ಗುಬ್ಬಿ ವೀರಣ್ಣನವರು. ತಮ್ಮ ಆತ್ಮಕಥೆಗೆ ಅವರು ‘ಕಲೆಯೇ ಕಾಯಕ’ ಎಂದು ಹೆಸರಿಟ್ಟದ್ದು ಕೇವಲ ಅಲಂಕಾರಕ್ಕಾಗಿ ಅಲ್ಲ.

ವೀರಣ್ಣನವರು ಜನಿಸಿದ್ದು 1891ರಲ್ಲಿ. ಅದಕ್ಕೆ ಏಳು ವರ್ಷ ಮೊದಲೇ, 1884ರಲ್ಲಿ, ಗುಬ್ಬಿಯಲ್ಲಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ಹುಟ್ಟಿಕೊಂಡಿತ್ತು. ಬಾಲ್ಯದಲ್ಲಿಯೇ ಆ ಸಂಘವನ್ನು ಸೇರಿದ ಅವರಿಗೆ ರಂಗವೇ ಪಾಠಶಾಲೆ, ಪ್ರೇಕ್ಷಕರೇ ಪರೀಕ್ಷಕರು. ಹುಡುಗನಾಗಿ ಬಣ್ಣ ಹಚ್ಚಿದವರು 1917ರಲ್ಲಿ ಸಂಸ್ಥೆಯ ಒಡೆತನದ ಹೊಣೆಯನ್ನೇ ಹೊತ್ತರು. ಒಡೆಯರಾದರೂ ನಾಯಕಪಾತ್ರಕ್ಕೆ ಆಸೆಪಡಲಿಲ್ಲ. ‘ಸದಾರಮೆ’ಯ ಕಳ್ಳನಂತಹ ಹಾಸ್ಯಪಾತ್ರದಲ್ಲಿಯೇ ತಮ್ಮ ಪ್ರತಿಭೆಯ ನೆಲೆಯನ್ನು ಕಂಡುಕೊಂಡರು. ತನ್ನ ಶಕ್ತಿ ಎಲ್ಲಿದೆಯೆಂಬುದನ್ನು ಅರಿತು, ಅಲ್ಲಿಯೇ ಆಳವಾಗಿ ಅಗೆಯುವುದು ಸೃಜನಶೀಲತೆಯ ಮೊದಲ ಪಾಠವೆನ್ನಬೇಕು.

ಎರಡನೆಯ ಪಾಠವೆಂದರೆ ಸಾಹಸ. 1934ರಲ್ಲಿ ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ವನ್ನು ಪ್ರಯೋಗಿಸಿದಾಗ ಜೀವಂತ ಆನೆ ಕುದುರೆಗಳು ರಂಗಕ್ಕೆ ಬಂದವು. ಇದನ್ನು ಬರಿಯ ಚಮತ್ಕಾರವೆಂದು ತಳ್ಳಿಹಾಕುವುದು ಸುಲಭ. ಆದರೆ ಆ ಒಂದು ದೃಶ್ಯದ ಹಿಂದಿದ್ದ ಸಿದ್ಧತೆಯನ್ನು ಯೋಚಿಸಬೇಕು. ಆನೆಯ ಭಾರಕ್ಕೆ ಬಗ್ಗದ ಅಟ್ಟಣೆ, ದೀಪಕ್ಕೂ ವಾದ್ಯಕ್ಕೂ ಬೆದರದಂತೆ ಪ್ರಾಣಿಗಳಿಗೆ ರೂಢಿ, ಅವುಗಳ ನಡುವೆ ಮಾತು ತಪ್ಪದ ನಟವರ್ಗ. ಕಲ್ಪನೆಯು ಕ್ಷಣದಲ್ಲಿ ಹೊಳೆಯಬಹುದು, ಅದನ್ನು ನಿಲ್ಲಿಸುವುದು ಬಡಗಿಯ ಉಳಿ, ದರ್ಜಿಯ ಸೂಜಿ ಮತ್ತು ನಟನ ನಿತ್ಯದ ತಾಲೀಮು.

ಊರೂರು ಅಲೆಯುವ ಕಂಪನಿಯ ಬದುಕು ಹೂವಿನ ಹಾಸಿಗೆಯಲ್ಲ. ಮಳೆ ಹಿಡಿದರೆ ಆಟ ನಿಂತೀತು, ಬರ ಬಂದರೆ ಗಲ್ಲಾಪೆಟ್ಟಿಗೆ ಬರಿದಾದೀತು, ಆದರೂ ಬಿಡಾರದ ಒಲೆ ಉರಿಯಲೇಬೇಕು. ಅಂತಹ ದಿನಗಳಲ್ಲಿಯೇ ಚಲನಚಿತ್ರವೆಂಬ ಪ್ರಬಲ ಪ್ರತಿಸ್ಪರ್ಧಿ ಕಾಲಿಟ್ಟಿತು. ವೀರಣ್ಣನವರು ಅದನ್ನು ಶಪಿಸುತ್ತ ಕೂರದೆ, ಮೂಕಿ ಚಿತ್ರಗಳ ಕಾಲದಲ್ಲಿಯೇ ಆ ಮಾಧ್ಯಮದೊಳಕ್ಕೆ ತಾವೇ ಹೊಕ್ಕರು. 1935ರ ‘ಸದಾರಮೆ’ ವಾಕ್ಚಿತ್ರದಲ್ಲಿ ನಟಿಸಿದರು. 1954ರಲ್ಲಿ ಅವರ ಸಂಸ್ಥೆಯ ಹೆಸರಿನೊಡನೆ ತೆರೆಕಂಡ ‘ಬೇಡರ ಕಣ್ಣಪ್ಪ’ವು ರಾಜಕುಮಾರರನ್ನು ನಾಯಕನಟರನ್ನಾಗಿ ನಾಡಿಗೆ ಕೊಟ್ಟಿತು. ಹೊಸದನ್ನು ಅಪ್ಪಿಕೊಂಡರೂ ಹಳೆಯ ರಂಗದ ನಂಟನ್ನು ಕಡಿದುಕೊಳ್ಳಲಿಲ್ಲ ಎಂಬುದು ಅವರ ಛಲದ ವೈಶಿಷ್ಟ್ಯ.

ಕಾಯಕದ ಜೊತೆಗೆ ದಾಸೋಹವಿರಬೇಕು. ರಾಜಕುಮಾರ್, ಜಿ. ವಿ. ಅಯ್ಯರ್, ಬಾಲಕೃಷ್ಣ, ನರಸಿಂಹರಾಜು ಮೊದಲಾದವರು ಆ ಕಂಪನಿಯ ಅನ್ನವುಂಡು ಬೆಳೆದವರು. ಅಲ್ಲಿ ಹುಡುಗನಾಗಿ ಸೇರಿದ್ದ ಬಿ. ವಿ. ಕಾರಂತರನ್ನು ವೀರಣ್ಣನವರು ಉನ್ನತ ವ್ಯಾಸಂಗಕ್ಕೆಂದು ಕಾಶಿಗೆ ಕಳುಹಿಸಿದರು. ಒಳ್ಳೆಯ ನಟನನ್ನು ತನ್ನಲ್ಲಿಯೇ ಕಟ್ಟಿಹಾಕಿಕೊಳ್ಳುವುದು ವ್ಯಾಪಾರ, ಅವನನ್ನು ಓದಲು ಬಿಟ್ಟುಕೊಡುವುದು ದಾಸೋಹ. ಮುಂದೆ 1989ರಲ್ಲಿ ಮೈಸೂರಿನಲ್ಲಿ ರಂಗಾಯಣವು ಕಾರಂತರ ನೇತೃತ್ವದಲ್ಲಿ ರೂಪುಗೊಂಡಿತೆಂದರೆ, ಅದರ ಬುಡದಲ್ಲಿ ಗುಬ್ಬಿಯ ನೀರೂ ಇದೆ. 1972ರಲ್ಲಿ ಪದ್ಮಶ್ರೀ ಗೌರವ ಪಡೆದ ವೀರಣ್ಣನವರು ಅದೇ ವರ್ಷ ಲಿಂಗೈಕ್ಯರಾದರು.

ಈ ಬಾಳಿನ ಪಾಠ ಹೊಸಪೇಟೆಯ ಸೀಮೆಗೆ ಹೊರಗಿನದಲ್ಲ. ಹಂಪೆಯ ಮಹಾನವಮಿ ದಿಬ್ಬದ ಶಿಲಾಪಟ್ಟಿಕೆಗಳಲ್ಲಿ ನರ್ತಕಿಯರೂ ಜಟ್ಟಿಗಳೂ ಇಂದಿಗೂ ಸಾಲುಗಟ್ಟಿ ನಿಂತಿದ್ದಾರೆ. ಕಂಪ್ಲಿಯ ಅರಸು ಅಳಿದರೂ ಕುಮಾರರಾಮನ ಕಥೆಯು ಜನರ ನಾಲಗೆಯ ಮೇಲೆ ಅಳಿಯದೆ ನಿಂತಿದೆ. ಸಂಡೂರಿನ ಕಡೆಯ ಹಳ್ಳಿಗಳಿಗೂ ಬಯಲಾಟದ ಮದ್ದಳೆಯ ದನಿ ಅಪರಿಚಿತವಲ್ಲ. ಹೀಗಿರಲು, ಇಂದು ಅನೇಕ ಶಾಲೆಗಳ ವಾರ್ಷಿಕೋತ್ಸವದಲ್ಲಿ ಧ್ವನಿಮುದ್ರಿತ ಚಿತ್ರಗೀತೆಗೆ ಮಕ್ಕಳು ಕೈಕಾಲು ಆಡಿಸಿದರೆ ಕಾರ್ಯಕ್ರಮ ಮುಗಿಯಿತೆಂಬ ಸ್ಥಿತಿಯೊದಗಿರುವುದು ವಿಷಾದನೀಯ. ಅಲ್ಲಿ ಮಗುವಿನ ದೇಹವಿದೆ, ಮಾತಿಲ್ಲ.

ನಾಟಕದ ತಾಲೀಮಿನಿಂದ ಪರೀಕ್ಷೆಯ ಅಂಕಗಳು ಕುಗ್ಗುವುವೆಂಬ ಪೋಷಕರ ಆತಂಕವನ್ನು ಅಲ್ಲಗಳೆಯುವಂತಿಲ್ಲ. ಫಲಿತಾಂಶದ ಹೊಣೆ ಅಧ್ಯಾಪಕರ ತಲೆಯ ಮೇಲಿದೆ. ಆದರೆ ಅಲ್ಪಪ್ರಾಣ ಮಹಾಪ್ರಾಣಗಳ ಉಚ್ಚಾರ, ಹಳಗನ್ನಡದ ನಡೆ, ತುಂಬಿದ ಸಭೆಯಲ್ಲಿ ತಲೆಯೆತ್ತಿ ನುಡಿಯುವ ಧೈರ್ಯ, ಇವು ಕಪ್ಪುಹಲಗೆಯೊಂದರಿಂದಲೇ ಬರುವಂಥವಲ್ಲ. ವಾರಕ್ಕೆ ಎರಡು ಸಂಜೆಗಳು ವರ್ಷಕ್ಕೊಂದು ನಾಟಕಕ್ಕೆ ಮೀಸಲಾದರೆ ಕನ್ನಡದ ತರಗತಿಗೆ ಲಾಭವೇ ಹೊರತು ನಷ್ಟವಿಲ್ಲ. ಅದಕ್ಕೆ ಬೇಕಾದುದು ಭವ್ಯ ಸಭಾಭವನವಲ್ಲ. ಒಂದು ಗಟ್ಟಿ ಜಗಲಿ, ಎರಡು ಪರದೆ, ಒಂದು ಹಾರ್ಮೋನಿಯಂ ಹಾಗೂ ತಾಳ್ಮೆಯುಳ್ಳ ಒಬ್ಬ ಗುರು ಸಾಕು. ಕೊಠಡಿಗಳಿಗೆ ಧಾರಾಳವಾಗಿ ದಾನವಿತ್ತ ಮಹನೀಯರು, ಇಲ್ಲಿ ಕಲಿತು ಹೊರಗೆ ಬೆಳಗಿದ ಹಳೆಯ ವಿದ್ಯಾರ್ಥಿಗಳು ಈ ಅಲ್ಪ ವೆಚ್ಚದ ಕಡೆಗೂ ಕೃಪಾದೃಷ್ಟಿ ಹರಿಸಲಿ.

ಬಣ್ಣ ಹಚ್ಚಿದ ಮಕ್ಕಳೆಲ್ಲರೂ ವೀರಣ್ಣನವರಾಗಲಾರರು, ಆಗಬೇಕಾದುದೂ ಇಲ್ಲ. ಆದರೆ ಕೊಟ್ಟ ಪಾತ್ರ ಕಿರಿದಾದರೂ ಅದನ್ನು ಶ್ರದ್ಧೆಯಿಂದ ನಿರ್ವಹಿಸಲು ಕಲಿತ ಮಗು ಬಾಳಿನ ಯಾವ ರಂಗದಲ್ಲಿಯೂ ಮಾತು ಮರೆಯದು. ಶ್ರೀಮಠದ ನೆರಳಿನಲ್ಲಿ ಬೆಳೆದ ಈ ವಿದ್ಯಾಲಯವು ಅಂತಹ ಮಕ್ಕಳನ್ನು ನಾಡಿಗೆ ನೀಡಲೆಂಬುದೇ ಹಾರೈಕೆ.